ಗದ್ದೆಯಲ್ಲಿ ಸಿಕ್ಕಿದ ಹೊಳೆಯೋ ಕಲ್ಲು: ವಜ್ರವೋ, ಬೆಣಚುಕಲ್ಲೋ, ಗಾಜೋ? ಮನೇಲೇ ತಿಳ್ಕೊಳ್ಳೋದು ಹೇಗೆ?

ಕಬ್ಬಿನಗದ್ದೆ
ಎಲ್ರಿಗೂ ನಮಸ್ಕಾರ. ನಮ್ದು ಪಾಂಡವಪುರ ತಾಲ್ಲೂಕು. ಕೂಳೆ ಕಬ್ಬು ತೆಗೆಸಿ ಗದ್ದೆ ಮಟ್ಟ ಮಾಡಿಸ್ತಿದ್ದಾಗ ಜೆಸಿಬಿ ಎತ್ತಿ ಹಾಕಿದ ಮಣ್ಣಲ್ಲಿ ಒಂದು ಕಲ್ಲು ಸಿಕ್ತು. ಗೋಲಿ ಗಾತ್ರ. ಒಂದು ಕಡೆ ಪೂರ್ತಿ ತಿಳಿ, ಇನ್ನೊಂದು ಕಡೆ ಮಬ್ಬು. ಬಿಸಿಲಿಗೆ ಹಿಡಿದ್ರೆ ಒಳಗಡೆ ಬಣ್ಣಬಣ್ಣ ಕಾಣ್ತದೆ. ಅಪ್ಪ ಅದನ್ನ ತೊಳೆದು ದೇವ್ರ ಮನೇಲಿ ಮಡಗವ್ರೆ.

ಹಳೇ ಒಡವೆ ಕೊಳ್ಳೋಕೆ ಊರಿಗೆ ಬರೋ ದಳ್ಳಾಳಿ ಒಬ್ಬ ಕಲ್ಲನ್ನ ಕಿಟಕಿ ಗಾಜಿನ ಮೇಲೆ ಎಳೆದು ತೋರಿಸ್ದ. ಗಾಜು ಗೀರಿ ಹೋಯ್ತು. "ಇದು ಕಚ್ಚಾ ವಜ್ರ, ಸೂರತ್‌ಗೆ ಕಳಿಸಿ ಸರ್ಟಿಫಿಕೇಟ್ ಮಾಡಿಸ್ಬೇಕು, 15 ಸಾವಿರ ಮುಂಗಡ ಕೊಡಿ" ಅಂತಾವ್ನೆ. ಅಪ್ಪ ಅರ್ಧ ಒಪ್ಕೊಂಡವ್ರೆ. ಕಲ್ಲು ಹಾಳಾಗದೆ ಮನೇಲೇ ಪರೀಕ್ಷೆ ಮಾಡೋಕೆ ಏನಾದ್ರೂ ದಾರಿ ಐತಾ? ಗೊತ್ತಿರೋರು ಹೇಳಿ.

ಮದ್ದೂರ್‌ವಡೆ
ಪರೀಕ್ಷೆ ಆಮೇಲೆ. ಮೊದ್ಲು ದುಡ್ಡು ಕೊಡ್ಬೇಡಿ, ಕಲ್ಲನ್ನೂ ಅವನ ಕೈಲಿ ಕಳಿಸ್ಬೇಡಿ. ಅದು ವಜ್ರ ಅಂತ ಅವನಿಗೆ ನಂಬಿಕೆ ಇದ್ದಿದ್ರೆ ಅವನೇ ನಿಮ್ಮಪ್ಪನಿಗೆ ಮುಂಗಡ ಕೊಟ್ಟು ಹೋಗ್ತಿದ್ದ.

ಟೈರ್‌ಗಾಡಿ
ಅಷ್ಟೆಲ್ಲ ಯಾಕಣ್ಣ, ಕಬ್ಬಿಣದ ಮೇಲೆ ಇಟ್ಟು ಸುತ್ತಿಗೇಲಿ ಒಂದೇಟು ಹಾಕಿ. ವಜ್ರ ಆದ್ರೆ ಒಡೆಯಲ್ಲ. ನಮ್ಮ ತಾತನ ಕಾಲದಿಂದ ಎಲ್ರೂ ಹೇಳೋ ಮಾತು ಇದು.

ಅಗ್ರಹಾರದ ಅಕ್ಕಸಾಲಿ
ದಯವಿಟ್ಟು ಯಾರೂ ಇದನ್ನ ಮಾಡ್ಬೇಡಿ. ಹರಳು ಕಟ್ಟೋ ಕೆಲಸದಲ್ಲೇ ನಾನಿರೋದು. ಗೀರು ಬೀಳದಿರೋದು ಬೇರೆ, ಏಟು ತಡ್ಕೊಳ್ಳೋದು ಬೇರೆ. ವಜ್ರದ ಮೇಲೆ ಗೀರು ಹಾಕೋಕೆ ಇನ್ನೊಂದು ವಜ್ರವೇ ಬೇಕು, ಆದ್ರೆ ಅದಕ್ಕೆ ಸೀಳೋ ದಿಕ್ಕುಗಳಿವೆ. ಆ ದಿಕ್ಕಿಗೆ ಏಟು ಬಿದ್ರೆ ನೀಟಾಗಿ ಎರಡಾಗುತ್ತೆ. ಓಲೆ ಕಟ್ಟೋವಾಗ ಕೊಕ್ಕಿ ಒತ್ತಿದ್ದು ಸ್ವಲ್ಪ ಜಾಸ್ತಿ ಆದ್ರೂ ಅಂಚು ಚಕ್ಕೆ ಹಾರುತ್ತೆ. ಸುತ್ತಿಗೆ ಪರೀಕ್ಷೇಲಿ ಬೆಣಚುಕಲ್ಲೂ ಪುಡಿ, ವಜ್ರವೂ ಪುಡಿ. ತಿಳಿಯೋದು ಏನೂ ಇಲ್ಲ, ಕಳ್ಕೊಳ್ಳೋದು ಮಾತ್ರ.

ಟೈರ್‌ಗಾಡಿ
ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಐತೆ ಅಂತ ಓದಿದೀನಿ ಸಾರ್, ವಜ್ರ ಏಟು ತಡೀತದೆ ಅಂತ. ಅವರೆಲ್ಲ ಸುಮ್ನೆ ಬರೀತಾರಾ?

ಶಿಲೆಮೇಷ್ಟ್ರು
ಅರ್ಥಶಾಸ್ತ್ರದಲ್ಲಿ ಒಳ್ಳೆಯ ವಜ್ರದ ಲಕ್ಷಣ ಹೇಳುವಾಗ "ಪ್ರಹಾರಸಹ" ಅಂತ ಇರೋದು ನಿಜ. ಅದೇ ಸಾಲಿನಲ್ಲಿ ದಪ್ಪ, ಭಾರ, ಸಮನಾದ ಮೂಲೆ, ಪಾತ್ರೆಯ ಮೇಲೆ ಗೀರು ಹಾಕೋದು ಅಂತಲೂ ಇದೆ, ಅವೆಲ್ಲ ಒಳ್ಳೆ ಗಮನಿಕೆಗಳೇ. ಏಟಿನ ಮಾತನ್ನ 1ನೇ ಶತಮಾನದಲ್ಲಿ ರೋಮಿನ ಪ್ಲಿನಿಯೂ ಬರೆದ, ಅಡಿಗಲ್ಲೇ ಒಡೆದು ಹೋಗುತ್ತೆ ಅಂತ. ಆ ಮಾತು ನಂಬಿ ಎಷ್ಟು ವಜ್ರ ಪುಡಿಯಾದವೋ. ಜಗತ್ತಿನಲ್ಲಿ ಸಿಕ್ಕಿದ ಅತಿ ದೊಡ್ಡ ರತ್ನದರ್ಜೆಯ ಕಚ್ಚಾ ವಜ್ರ ಕಲಿನನ್, 3,106 ಕ್ಯಾರೆಟ್. ಅದನ್ನ 1908ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಒಡೆದದ್ದು ಹೇಗೆ? ಸಣ್ಣ ಕಚ್ಚು ಮಾಡಿ, ಉಕ್ಕಿನ ಅಲಗು ಇಟ್ಟು, ಮೇಲಿಂದ ಏಟು ಕೊಟ್ಟು. ಏಟಿಗೆ ವಜ್ರ ಒಡೆಯೋದಿಲ್ಲ ಅನ್ನೋದಕ್ಕೆ ಇನ್ನೇನು ಉತ್ತರ ಬೇಕು?

ಈಗ ಮುಖ್ಯ ವಿಷಯ. ಕಬ್ಬಿನಗದ್ದೆಯವರೇ, ದಳ್ಳಾಳಿ ತೋರಿಸಿದ ಗಾಜಿನ ಪರೀಕ್ಷೆಯಿಂದ ಒಂದೇ ಒಂದು ಗೊತ್ತಾಗುತ್ತೆ: ನಿಮ್ಮ ಕಲ್ಲು ಗಾಜಲ್ಲ. ಅಷ್ಟೇ. ಮೋಸ್ ಅನ್ನುವವನು 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಕಿಟಕಿ ಗಾಜು ಸುಮಾರು 5.5, ಬೆಣಚುಕಲ್ಲು 7, ಟೋಪಾಜ್ 8, ಕುರುಂದ (ಮಾಣಿಕ್ಯ, ನೀಲದ ಜಾತಿಯ ಕಲ್ಲು) 9, ವಜ್ರ 10. ಹಾಗಾಗಿ ರಸ್ತೆಗೆ ಹಾಕೋ ಬಿಳಿ ಬೆಣಚುಕಲ್ಲಿನ ಚೂರು ತಗೊಂಡು ಅದೇ ಕಿಟಕಿ ಮೇಲೆ ಎಳೀರಿ, ಅಷ್ಟೇ ಚೆನ್ನಾಗಿ ಗೀರು ಬೀಳುತ್ತೆ. ನಿಮ್ಮ ತಂದೆಯವರ ಎದುರಿಗೇ ಮಾಡಿ ತೋರಿಸಿ. ಆ ದಳ್ಳಾಳಿಯ ಆಟ ಅಲ್ಲಿಗೇ ಮುಗೀತು.

ಕಲ್ಲಿನ ಆಕಾರ ಸ್ವಲ್ಪ ಹೇಳಿ. ಎಷ್ಟು ಮುಖ? ಮುಖದ ಮೇಲೆ ಗೆರೆ ಇದೆಯಾ?

ಗಣಿನಾಡು
ನಾನು ಬಳ್ಳಾರಿ ಕಡೆಯವ, ಈಗ ಮೈಸೂರಲ್ಲಿ ಕೆಲಸ. ಮುಂಗಾರು ಶುರುವಾದ್ರೆ ನಮ್ಮ ಕಡೆಯಿಂದ ಜನ ಬುತ್ತಿ ಕಟ್ಕೊಂಡು ಆಂಧ್ರದ ಜೊನ್ನಗಿರಿ, ತುಗ್ಗಲಿ, ವಜ್ರಕರೂರು ಹೊಲಗಳಿಗೆ ಹೋಗ್ತಾರ್ರೀ. ಮಳಿ ಮಣ್ಣು ತೊಳೆದ ಮ್ಯಾಲೆ ಬಗ್ಗಿ ಬಗ್ಗಿ ಹುಡುಕೋದು. ನಾನೂ ಹೋಗೀನಿ. ಅಲ್ಲಿ ಹೊಳೆಯೋದು ಕೈತುಂಬ ಸಿಗ್ತದ, ಎಲ್ಲಾ ಬೆಣಚು, ಇಲ್ಲಾ ಬಾಟ್ಲಿ ಚೂರು. ಹಳಬರು ಕಲ್ಲನ್ನ ತುಟಿಗೆ ತಾಗಿಸಿ ತಣ್ಣಗೈತೇನು ನೋಡ್ತಾರೆ. ವಜ್ರ ಐಸ್ ಥರ ತಣ್ಣಗಿರ್ತದ ಅಂತಾರೆ.

ಒಂಟಿಕೊಪ್ಪಲ್ ಅಕ್ಕ
ತಣ್ಣಗಿರೋದು ಸ್ಫಟಿಕವೂ ಅಲ್ವಾ? ಸ್ಫಟಿಕದ ಮಾಲೆ ಕೊಳ್ಳೋವಾಗ ನಮ್ಮಮ್ಮ ಮಣಿ ಕೆನ್ನೆಗೆ ಒತ್ತಿ ನೋಡೋರು. ಗಾಜಿನ ಮಣಿ ಬೇಗ ಬೆಚ್ಚಗಾಗ್ತಿತ್ತು, ಸ್ಫಟಿಕ ತಣ್ಣಗೇ ಇರ್ತಿತ್ತು.

ಶಿಲೆಮೇಷ್ಟ್ರು
ಸರಿಯಾಗಿ ಹೇಳಿದ್ರಿ ಅಕ್ಕ. ಸ್ಫಟಿಕ ಅಂದ್ರೆ ತಿಳಿಯಾದ ಬೆಣಚೇ. ತಣ್ಣಗೆ ಅನ್ನಿಸೋದು ಕಲ್ಲು ನಮ್ಮ ಮೈಶಾಖವನ್ನ ಎಷ್ಟು ಬೇಗ ಎಳೆದುಕೊಳ್ಳುತ್ತೆ ಅನ್ನೋದರ ಮೇಲೆ. ಗಾಜಿಗಿಂತ ಸ್ಫಟಿಕ ಹಲವು ಪಟ್ಟು ಬೇಗ, ಸ್ಫಟಿಕಕ್ಕಿಂತ ವಜ್ರ ನೂರಾರು ಪಟ್ಟು ಬೇಗ. ತಾಮ್ರವೇ ವಜ್ರದ ಮುಂದೆ ಹಿಂದೆ ಬೀಳುತ್ತೆ. ಆದ್ರೆ ತುಟಿಗೆ ಅಷ್ಟು ಲೆಕ್ಕ ತಿಳಿಯೋಲ್ಲ. ಗಾಜನ್ನ ಬೇರೆ ಮಾಡೋಕೆ ಕೆನ್ನೆ ಸಾಕು, ಬೆಣಚಿನಿಂದ ವಜ್ರವನ್ನ ಬೇರೆ ಮಾಡೋಕೆ ಸಾಲದು.

ಕಬ್ಬಿನಗದ್ದೆ
ಸಾರ್, ಕಲ್ಲು ಒಂದು ಕಡೆ ಮುರಿದಿದೆ, ಆ ಮುರಿದ ಜಾಗ ಬಾಗಿ ಬಾಗಿ ಅಲೆಅಲೆಯಾಗಿದೆ. ಇನ್ನೊಂದು ಕಡೆ ಚಪ್ಪಟೆ ಮುಖ ಮೂರು ಉಳಿದಿವೆ. ಒಂದು ಮುಖದ ಮೇಲೆ ಅಡ್ಡಡ್ಡ ಸಣ್ಣ ಗೆರೆ ಇವೆ, ಉಗುರಲ್ಲಿ ಸವರಿದ್ರೆ ಗೊತ್ತಾಗುತ್ತೆ.

ಶಿಲೆಮೇಷ್ಟ್ರು
ಅಡ್ಡ ಗೆರೆ, ಅಲೆಅಲೆಯಾದ ಮುರಿತ, ಎರಡೂ ಸ್ಫಟಿಕದ ಗುರುತು. ಆರು ಮುಖದ ಕಂಬವಾಗಿ ಬೆಳೆಯೋ ಬೆಣಚಿನ ಹರಳಿಗೆ ಕಂಬಕ್ಕೆ ಅಡ್ಡವಾಗಿ ಗೆರೆ ಇರುತ್ತೆ. ಕಚ್ಚಾ ವಜ್ರ ಹೆಚ್ಚಾಗಿ ಎಂಟು ಮುಖದ್ದು, ಎರಡು ಪಿರಮಿಡ್‌ಗಳ ಬುಡ ಸೇರಿಸಿದ ಆಕಾರ. ಅಂಚು ಮೂಲೆ ಕರಗಿ ಗುಂಡಗಾಗಿರೋದೂ ಸಾಮಾನ್ಯ. ಹತ್ತು ಪಟ್ಟು ದೊಡ್ಡದು ಮಾಡೋ ಲೂಪ್‌ನಲ್ಲಿ ನೋಡಿದ್ರೆ ಆ ಮುಖಗಳ ಮೇಲೆ ಪುಟ್ಟ ಪುಟ್ಟ ತ್ರಿಕೋನದ ಗುಳಿಗಳು ಕಾಣ್ತವೆ. ಅವನ್ನ ಒಮ್ಮೆ ನೋಡಿದವರು ಮತ್ತೆ ಮರೆಯೋಲ್ಲ. ಹೊಳಪೂ ಬೇರೆ, ಎಣ್ಣೆ ಸವರಿದ ಜಿಡ್ಡು ಹೊಳಪು. ವಜ್ರ ನೀರನ್ನ ಹಿಡಿಯೋಲ್ಲ, ಜಿಡ್ಡನ್ನ ಹಿಡಿಯುತ್ತೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಗ್ರೀಸ್ ಬಳಿದ ಮೇಜಿನ ಮೇಲೆ ಪುಡಿಗಲ್ಲು ನೀರು ಹರಿಸ್ತಿದ್ರು. ಬೇರೆ ಕಲ್ಲೆಲ್ಲ ಕೊಚ್ಚಿ ಹೋಗ್ತಿತ್ತು, ವಜ್ರ ಗ್ರೀಸಿಗೆ ಅಂಟಿಕೊಂಡು ನಿಲ್ತಿತ್ತು.

ಒಳಗೆ ಬಣ್ಣ ಕಾಣುತ್ತೆ ಅಂದ್ರಲ್ಲ, ಅದು ಒಳಗಿನ ಬಿರುಕಿನಲ್ಲಿ ಬೆಳಕು ಒಡೆಯೋದು. ಸಾಣೆ ಹಿಡಿಯದ ವಜ್ರ ಅಷ್ಟೆಲ್ಲ ಬಣ್ಣ ಎರಚೋದೇ ಇಲ್ಲ.

ವೇದಾಂತಿ_57
ನಮ್ಮ ರತ್ನಶಾಸ್ತ್ರಗಳಲ್ಲಿ ಉತ್ತಮ ವಜ್ರಕ್ಕೆ ಆರು ಮೂಲೆ, ಎಂಟು ಫಲಕ, ಹನ್ನೆರಡು ಧಾರೆ ಅಂತ ಹೇಳಿದೆ. ಮೇಷ್ಟ್ರು ಹೇಳಿದ ಎಂಟು ಮುಖದ ಹರಳಿಗೆ ಲೆಕ್ಕ ಹಾಕಿ ನೋಡಿ, ಒಂದೂ ತಪ್ಪಿಲ್ಲ. ಲೂಪ್ ಇಲ್ಲದ ಕಾಲದಲ್ಲಿ ಇದನ್ನ ಎಣಿಸಿಟ್ಟಿದ್ರು. ಒಳ್ಳೆ ವಜ್ರ ನೀರಲ್ಲಿ ತೇಲುತ್ತೆ ಅಂತಲೂ ಇದೆ, ಅದನ್ನೂ ಮಾಡಿ ನೋಡಬಹುದು.

ಅಗ್ರಹಾರದ ಅಕ್ಕಸಾಲಿ
ಎಂಟು ಫಲಕದ ಮಾತು ಒಪ್ತೀನಿ, ತೇಲೋ ಮಾತು ಒಪ್ಪಲ್ಲ. ನೀರಿಗಿಂತ ಮೂರೂವರೆ ಪಟ್ಟು ಭಾರ ಇರೋದು ತೇಲೋಕೆ ಸಾಧ್ಯವೇ ಇಲ್ಲ. ಗ್ರಾಹಕರು ಓಲೆ ತಂದು "ನೀರಲ್ಲಿ ಮುಳುಗ್ತು, ಡೂಪ್ಲಿಕೇಟಾ" ಅಂತ ಹೆದರಿಕೊಂಡು ಕೇಳ್ತಾರೆ. ಎಲ್ಲಾ ವಜ್ರವೂ ಮುಳುಗುತ್ತೆ.

ಪಡುವಾರಹಳ್ಳಿ
ನೀರಲ್ಲಿ ಹಾಕಿದ್ರೆ ವಜ್ರ ಕಾಣಿಸಲ್ಲ, ಮಾಯ ಆಗುತ್ತೆ ಅಂತಾರಲ್ಲ, ಅದು?

ಶಿಲೆಮೇಷ್ಟ್ರು
ಅದು ತಿರುಗುಮುರುಗು. ಕಲ್ಲು ಬೆಳಕನ್ನ ಬಗ್ಗಿಸೋ ಪ್ರಮಾಣ ಸುತ್ತಲಿನ ದ್ರವದ ಹತ್ತಿರ ಬಂದಷ್ಟೂ ಕಲ್ಲು ಮರೆಯಾಗುತ್ತೆ. ನೀರು 1.33, ಗಾಜು 1.5ರ ಆಸುಪಾಸು, ಬೆಣಚು 1.55, ವಜ್ರ 2.42. ಮೆಡಿಕಲ್ ಸ್ಟೋರ್‌ನಲ್ಲಿ ಸಿಗೋ ಗ್ಲಿಸರಿನ್ 1.47. ಬಿಳಿ ಬಟ್ಟಲಿನಲ್ಲಿ ಗ್ಲಿಸರಿನ್ ಹಾಕಿ ಕಲ್ಲು ಮುಳುಗಿಸಿ: ಗಾಜು, ಬೆಣಚು ಎರಡರ ಅಂಚೂ ಮಸುಕಾಗಿಬಿಡುತ್ತೆ, ವಜ್ರದ ಅಂಚು ಕಪ್ಪು ಗೆರೆ ಎಳೆದಂತೆ ಎದ್ದು ಕಾಣುತ್ತೆ. ಮಾಯ ಆದ್ರೆ ವಜ್ರ ಅಲ್ಲ.

ಇದಕ್ಕಿಂತ ಗಟ್ಟಿ ಪರೀಕ್ಷೆ ತೂಕದ್ದು. ಕಲ್ಲಿಗೆ ಏನೂ ಆಗೋಲ್ಲ, ಖರ್ಚೂ ಇಲ್ಲ. ಗ್ರಾಮಿನ ನೂರನೇ ಒಂದು ಭಾಗ ತೋರಿಸೋ ಚಿನ್ನದಂಗಡಿ ತಕ್ಕಡಿ ಬೇಕು.

ಮೊದಲು ಒಣ ಕಲ್ಲಿನ ತೂಕ ಬರೆದುಕೊಳ್ಳಿ. ಆಮೇಲೆ ಒಂದು ಪ್ಲಾಸ್ಟಿಕ್ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಲ್ಲನ್ನ ತೆಳು ನೈಲಾನ್ ದಾರಕ್ಕೆ ಕಟ್ಟಿ ನೀರೊಳಗೆ ಪೂರ್ತಿ ಮುಳುಗೋ ಹಾಗೆ ಇಳಿಬಿಡಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು, ಮೈಮೇಲೆ ಗಾಳಿಗುಳ್ಳೆ ಇರಬಾರದು. ಈಗ ತಕ್ಕಡಿ ತೋರಿಸೋದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನ ಇದರಿಂದ ಭಾಗಿಸಿ. 2.65 ಬಂದ್ರೆ ಬೆಣಚು. 2.5ರ ಆಸುಪಾಸು ಬಂದ್ರೆ ಸಾಮಾನ್ಯ ಗಾಜು. 3.52 ಬಂದ್ರೆ ಆಗ ಮಾತಾಡೋಣ.

ಮದ್ದೂರ್‌ವಡೆ
ಇದನ್ನ ಹೈಸ್ಕೂಲಲ್ಲಿ ಆರ್ಕಿಮಿಡೀಸ್ ಪಾಠ ಅಂತ ಉರು ಹೊಡೆದಿದ್ವಿ. ಇಂಥದ್ದಕ್ಕೆ ಬರುತ್ತೆ ಅಂತ ಯಾವ ಮೇಷ್ಟ್ರೂ ಹೇಳ್ಲಿಲ್ಲ.

ಸರಗೂರು
3.52 ಬಂತು ಅಂತ ಕುಣೀಬೇಡಿ, ಬಣ್ಣವಿಲ್ಲದ ಟೋಪಾಜ್ ಕೂಡ ಸುಮಾರು ಅಷ್ಟೇ ಬರುತ್ತೆ. ಅದು ಗಡಸುತನದಲ್ಲಿ ಸಿಕ್ಕಿಬೀಳುತ್ತೆ. ನಮ್ಮ ಹೆಚ್.ಡಿ. ಕೋಟೆ, ಸರಗೂರು ಕಡೆ ಹೊಲದಲ್ಲಿ ಕುರುಂದ ಸಿಗುತ್ತೆ. ಆರು ಮುಖದ್ದೇ, ಮಧ್ಯೆ ಉಬ್ಬಿದ ಪೀಪಾಯಿ ಆಕಾರ, ಬೂದು ಅಥವಾ ಕೆಂಪು. ಕೈಲಿ ಹಿಡಿದ್ರೇ ಭಾರ ಗೊತ್ತಾಗುತ್ತೆ, ಲೆಕ್ಕ ಹಾಕಿದ್ರೆ 4 ಬರುತ್ತೆ. ಅದನ್ನೂ "ಕಚ್ಚಾ ಮಾಣಿಕ್ಯ" ಅಂತ ಹೇಳಿ ದುಡ್ಡು ಕೀಳೋರು ಇದಾರೆ.

ಟೈರ್‌ಗಾಡಿ
ಗಡಸುತನ ನೋಡೋಕೆ ಏನು ಬಳಸೋದು? ಎಲ್ರ ಮನೇಲೂ ಕುರುಂದ ಇರಲ್ಲ.

ಸರಗೂರು
ಗಾಡಿಗೆ ಬಣ್ಣ ಹೊಡೆಯೋರು ಉಜ್ಜೋ ಕಪ್ಪು ವಾಟರ್ ಪೇಪರ್. ಅದರಲ್ಲಿರೋದು ಸಿಲಿಕಾನ್ ಕಾರ್ಬೈಡ್, ಗಡಸು 9ಕ್ಕಿಂತ ಮೇಲೆ. ಕಲ್ಲಿನ ಕೆಲಸಕ್ಕೆ ಬಾರದ ಒಂದು ಮೂಲೆಯನ್ನ ಸ್ವಲ್ಪ ಹೊತ್ತು ಉಜ್ಜಿ. ಬೆಣಚಾಗಲಿ ಗಾಜಾಗಲಿ ಹೊಳಪು ಹೋಗಿ ಬಿಳಿಚಿಕೊಳ್ಳುತ್ತೆ. ವಜ್ರಕ್ಕೆ ಏನೂ ಆಗಲ್ಲ, ಪೇಪರ್ರೇ ನುಣ್ಣಗಾಗುತ್ತೆ. ಆದ್ರೆ ತೂಕ ನೋಡಿದ ಮೇಲೇ ಇದು. ಒಳ್ಳೆ ಸ್ಫಟಿಕವನ್ನ ಸುಮ್ಮನೆ ಯಾಕೆ ಹಾಳು ಮಾಡೋದು?

ಪಡುವಾರಹಳ್ಳಿ
ನೋಟು ನೋಡೋ ನೀಲಿ ಲೈಟಲ್ಲಿ ವಜ್ರ ಹೊಳೆಯುತ್ತಂತೆ, ಅದು ಸುಲಭ ಅಲ್ವಾ?

ಅಗ್ರಹಾರದ ಅಕ್ಕಸಾಲಿ
ಮೂರರಲ್ಲಿ ಒಂದು ಹೊಳೆಯಬಹುದು, ಉಳಿದವು ಸುಮ್ಮನಿರುತ್ತವೆ. ಹೊಳೆದ್ರೆ ವಜ್ರ ಅಂತಲ್ಲ, ಹೊಳೆಯದಿದ್ರೆ ಅಲ್ಲ ಅಂತಲೂ ಅಲ್ಲ. ಅದನ್ನ ನಂಬಿ ಕೊಡೋದು ತಗೊಳ್ಳೋದು ಮಾಡ್ಬೇಡಿ.

ಕೆಆರ್‌ಎಸ್_ಹಿನ್ನೀರು
ಒಂದು ಮೂಲಭೂತ ಪ್ರಶ್ನೆ. ಮಂಡ್ಯದಲ್ಲಿ ವಜ್ರ ಸಿಗೋ ಸಾಧ್ಯತೆಯಾದ್ರೂ ಇದೆಯಾ? ಕಾವೇರಿ ಎಲ್ಲಿಂದಲೋ ಹೊತ್ಕೊಂಡು ಬಂದು ಹಾಕಿರಬಹುದಲ್ವಾ?

ಶಿಲೆಮೇಷ್ಟ್ರು
ವಜ್ರ ಹುಟ್ಟೋದು ನೆಲದಡಿ 150 ಕಿಲೋಮೀಟರ್ ಆಚೆ. ಅದನ್ನ ಮೇಲಕ್ಕೆ ತರೋದು ಕಿಂಬರ್‌ಲೈಟ್ ಮತ್ತು ಅದರ ದಾಯಾದಿ ಶಿಲೆಗಳ ಕೊಳವೆ. ನಮ್ಮ ಸುತ್ತಮುತ್ತ ಅಂಥ ಕೊಳವೆಗಳ ಗುಂಪು ಇರೋದು ಆಂಧ್ರದ ವಜ್ರಕರೂರು ಕಡೆ, ತೆಲಂಗಾಣದ ನಾರಾಯಣಪೇಟೆ ಕಡೆ, ನಮ್ಮ ರಾಯಚೂರು ಕಡೆ. ವಜ್ರಕರೂರಿನವು ಸುಮಾರು 110 ಕೋಟಿ ವರ್ಷ ಹಳೆಯವು. ಅಲ್ಲಿಂದ ಸವೆದದ್ದು ಹೋಗಿರೋದು ಪೆನ್ನಾರ್, ಕೃಷ್ಣಾ ಪಾತ್ರಗಳಿಗೆ. ಕೊಹಿನೂರು ಸಿಕ್ಕಿತು ಅಂತ ಹೇಳೋ ಕೊಲ್ಲೂರು ಕೂಡ ಕೃಷ್ಣೆಯ ದಡದ್ದೇ, ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ. ಕಾವೇರಿ ಹುಟ್ಟಿ ಬರೋದು ಕೊಡಗಿನಿಂದ, ಆ ಕಡೆಯ ಕಲ್ಲನ್ನ ಈ ಕಡೆಗೆ ತರೋ ದಾರಿ ಅದಕ್ಕಿಲ್ಲ.

ಮಂಡ್ಯದ ನೆಲ ನೈಸ್ ಅನ್ನೋ ಪಟ್ಟೆಪಟ್ಟೆ ಶಿಲೆ, ಮಧ್ಯೆ ಮಧ್ಯೆ ಬೆಣಚಿನ ಸೆಲೆ ಮತ್ತು ಪೆಗ್ಮಟೈಟ್. ಪೆಗ್ಮಟೈಟ್ ಅಂದ್ರೆ ದೊಡ್ಡ ದೊಡ್ಡ ಹರಳಾಗಿ ಗಟ್ಟಿಯಾದ ಶಿಲೆ: ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ. ತಿಳಿ ಸ್ಫಟಿಕ ಹುಟ್ಟೋಕೆ ಹೇಳಿ ಮಾಡಿಸಿದ ಜಾಗ. ಮರಳಗಾಲ-ಅಲ್ಲಾಪಟ್ಟಣದ ಲಿಥಿಯಂ ಸುದ್ದಿ ನೆನಪಿದೆಯಾ? ಅದೂ ಪೆಗ್ಮಟೈಟೇ. 1,600 ಟನ್ ಅಂದಾಜು ಅಂತ 2021ರಲ್ಲಿ ಸರ್ಕಾರ ಹೇಳಿತು.

ಮದ್ದೂರ್‌ವಡೆ
ಆ ಲಿಥಿಯಂ ಸುದ್ದಿ ಬಂದಾಗ ಸುತ್ತಮುತ್ತ ಜಮೀನಿನ ರೇಟು ಬಗ್ಗೆ ಏನೇನು ಮಾತಾಡಿದ್ರು! ಬಸ್ಸಲ್ಲೆಲ್ಲ ಅದೇ. ಇನ್ನೂ ಅಗೆದಿಲ್ಲ, ತೆಗೆದಿಲ್ಲ.

ಗಣಿನಾಡು
ಸರ್ಕಾರಕ್ಕ ಗೊತ್ತಾದ್ರ ಕಲ್ಲು ಕಿತ್ಕೊಂತಾರೇನು? ನಿಧಿ ಕಾಯ್ದೆ ಅಂತ ಒಂದೈತಲ್ಲ.

ಕೆಆರ್‌ಎಸ್_ಹಿನ್ನೀರು
1878ರ ನಿಧಿ ಕಾಯ್ದೆ ಮಣ್ಣಲ್ಲಿ ಬಚ್ಚಿಟ್ಟ ವಸ್ತುಗಳಿಗೆ, ಒಡವೆ, ನಾಣ್ಯ ಅಂಥವಕ್ಕೆ. ನೆಲದಲ್ಲೇ ಬೆಳೆದ ಹರಳನ್ನ ಯಾರೂ ಬಚ್ಚಿಟ್ಟಿಲ್ಲ. ಮಧ್ಯಪ್ರದೇಶದ ಪನ್ನಾದಲ್ಲಿ ಮಾತ್ರ ಬೇರೆ ಪದ್ಧತಿ: ಜನ ಪಟ್ಟಾ ತಗೊಂಡು ಅಗೀತಾರೆ, ಸಿಕ್ಕಿದ್ದನ್ನ ವಜ್ರ ಕಚೇರಿಗೆ ಕೊಡ್ತಾರೆ, ಹರಾಜಾಗಿ ರಾಯಲ್ಟಿ ಕಳೆದು ಉಳಿದದ್ದು ಅವರಿಗೆ. ಇನ್ನು ಕಚ್ಚಾ ವಜ್ರ ದೇಶ ದಾಟಬೇಕಾದ್ರೆ ಕಿಂಬರ್ಲಿ ಪ್ರಕ್ರಿಯೆ ಅನ್ನೋ ಅಂತರರಾಷ್ಟ್ರೀಯ ವ್ಯವಸ್ಥೆಯ ಪ್ರಮಾಣಪತ್ರ ಬೇಕು, 2003ರಿಂದ. ಊರೂರು ತಿರುಗೋ ದಳ್ಳಾಳಿ "ಸರ್ಟಿಫಿಕೇಟ್" ಅಂದಾಗ ಯಾವುದು ಅಂತ ಕೇಳಿ ನೋಡಿ.

ಕಬ್ಬಿನಗದ್ದೆ
ತೂಕ ಹಾಕಿಸ್ದೆ. ಪರಿಚಯದ ಚಿನ್ನದ ಕೆಲಸದೋರ ತಕ್ಕಡಿ. ಒಣ ತೂಕ 5.30 ಗ್ರಾಂ. ನೀರಲ್ಲಿ ಇಳಿಬಿಟ್ಟಾಗ 2.00. ಭಾಗಿಸಿದ್ರೆ 2.65. ಗ್ಲಿಸರಿನ್‌ನಲ್ಲೂ ಹಾಕಿದ್ವಿ, ತಿಳಿ ಇರೋ ಭಾಗ ಹುಡುಕಬೇಕಾಯ್ತು, ಮಬ್ಬು ಭಾಗ ಮಾತ್ರ ಕಾಣ್ತಿತ್ತು. ಅಪ್ಪನ ಎದುರಿಗೇ ಬೀದಿ ಬೆಣಚುಕಲ್ಲಲ್ಲಿ ಕಿಟಕಿ ಗೀರಿ ತೋರಿಸ್ದೆ. ಏನೂ ಮಾತಾಡ್ಲಿಲ್ಲ, ಆ ದಳ್ಳಾಳಿಗೆ ಅವ್ರೇ ಫೋನ್ ಮಾಡಿ ಬರ್ಬೇಡ ಅಂದ್ರು.

ಶಿಲೆಮೇಷ್ಟ್ರು
ಬಹಳ ಅಚ್ಚುಕಟ್ಟಾಗಿ ಮಾಡಿದ್ದೀರಿ. ಅದೇ ಕಲ್ಲು ವಜ್ರವಾಗಿದ್ರೆ ತಕ್ಕಡಿ 2.00 ಬದಲು 1.51 ತೋರಿಸ್ತಿತ್ತು. ಅನುಮಾನಕ್ಕೆ ಎಡೆಯೇ ಇಲ್ಲ, ಸ್ಫಟಿಕ. ಗದ್ದೆಯ ಬದುವಿನಲ್ಲಿ ಬಿಳಿ ಬೆಣಚಿನ ಸೆಲೆ ಕಂಡ್ರೆ ಫೋಟೋ ಹಾಕಿ. ನೋಡೋ ಆಸಕ್ತಿ ಇದ್ರೆ ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೆ ಕಲ್ಲು ತಗೊಂಡು ಹೋಗಿ ತೋರಿಸಿ, ಎಲ್ಲಿ ಸಿಕ್ತು ಅಂತ ಜಾಗ ಬರೆದುಕೊಂಡು ಹೋಗಿ.

ಟೈರ್‌ಗಾಡಿ
ಬೆಣಚು ಆದ್ರೇನು, ರಾತ್ರಿ ಕತ್ತಲಲ್ಲಿ ಎರಡು ಬೆಣಚುಕಲ್ಲು ಉಜ್ಜಿ ನೋಡಿ. ಕಲ್ಲಿನ ಒಳಗೇ ಕೆಂಪಗೆ ಬೆಳಕು ಬತ್ತದೆ, ಸುಟ್ಟ ವಾಸನೆ ಬತ್ತದೆ. ಚಿಕ್ಕೋರಿದ್ದಾಗ ಕಂಬಳಿ ಹೊದ್ಕೊಂಡು ಅದರೊಳಗೆ ಉಜ್ತಿದ್ವಿ.

ಸರಗೂರು
ನೀರೊಳಗೆ ಉಜ್ಜಿದ್ರೂ ಬೆಳಕು ಬರುತ್ತೆ, ಬಕೆಟಲ್ಲಿ ಮಾಡಿ ನೋಡಿ. ಆ ತಿಳಿ ಹರಳನ್ನ ಮಾತ್ರ ಉಜ್ಜಬೇಡಿ.

ಒಂಟಿಕೊಪ್ಪಲ್ ಅಕ್ಕ
ವಿಷಯ ಸ್ವಲ್ಪ ಬೇರೆ, ಬೇಜಾರಾಗ್ಬೇಡಿ. ಅಕ್ಕಸಾಲಿಯವರೇ, ನಮ್ಮತ್ತೆ ಕೊಟ್ಟ ಏಳು ಕಲ್ಲಿನ ಓಲೆ ಇದೆ. ಬ್ಲೂ ಜಾಗರ್ ಅಂತ ಹೇಳ್ತಿದ್ರು. ಅದಕ್ಕೂ ಈ ನೀರಿನ ತೂಕ ಮಾಡಬಹುದಾ?

ಅಗ್ರಹಾರದ ಅಕ್ಕಸಾಲಿ
ಬೇಡ ಅಕ್ಕ. ಚಿನ್ನದ ತೂಕ ಸೇರಿಕೊಳ್ಳುತ್ತೆ, ಲೆಕ್ಕ ಬರಲ್ಲ. ಹಿಂದೆ ತಗಡು ಮುಚ್ಚಿದ ಹಳೇ ಕಟ್ಟಾದ್ರೆ ನೀರು ಒಳಗೆ ಸೇರಿ ಹರಳು ಮಂಕಾಗುತ್ತೆ. ಜಾಗರ್ ಅನ್ನೋ ಹೆಸರು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೈನ್ ಗಣಿಯಿಂದ ಬಂದದ್ದು, ಹಗಲು ಬೆಳಕಲ್ಲಿ ತೆಳು ನೀಲಿ ಛಾಯೆ ಇರೋ ಕಲ್ಲುಗಳು. ಕಟ್ಟಿದ ಹರಳಿಗೆ ಟೆಸ್ಟರ್ ಪೆನ್ ಇದೆ, ಕಲ್ಲು ಶಾಖ ಎಳೆಯೋ ವೇಗ ನೋಡುತ್ತೆ. ಅಮೆರಿಕನ್ ಡೈಮಂಡ್, ಗಾಜು, ಸ್ಫಟಿಕ ಯಾವುದೂ ಅದರಲ್ಲಿ ಪಾಸಾಗಲ್ಲ. ಆದ್ರೆ ಮಾಯ್ಸನೈಟ್ ಅಂತ ವಜ್ರದ ಥರಾನೇ ಕಾಣೋ ಕೃತಕ ಹರಳು ಪಾಸಾಗಿಬಿಡುತ್ತೆ. ಅದನ್ನ ಲೂಪ್‌ನಲ್ಲಿ ಓರೆಯಾಗಿ ನೋಡಿದ್ರೆ ಹಿಂದಿನ ಮುಖದ ಅಂಚುಗಳು ಎರಡೆರಡಾಗಿ ಕಾಣ್ತವೆ. ವಜ್ರದಲ್ಲಿ ಒಂದೇ ಗೆರೆ.

ಒಂಟಿಕೊಪ್ಪಲ್ ಅಕ್ಕ
ಹಿಂದೆ ಮುಚ್ಚಿದ ಕಟ್ಟೇ. ಹಾಗಾದ್ರೆ ನಿಮ್ಮಂಥೋರ ಹತ್ರ ಕೂತು ಎದುರಿಗೇ ತೋರಿಸ್ಕೊಳ್ತೀನಿ. ಒಂದು ಬೇಸರಿನೂ ಇದೆ, ಅದಕ್ಕೂ ಪೆನ್ ಹಿಡಿಯಬಹುದಾ?

ಅಗ್ರಹಾರದ ಅಕ್ಕಸಾಲಿ
ಬೇಸರಿ ಹರಳು ಚಿಕ್ಕದು, ಪೆನ್ನಿನ ತುದಿ ಚಿನ್ನಕ್ಕೆ ತಾಗಿಬಿಡುತ್ತೆ, ಆಗ ಅದು ಹೇಳೋದನ್ನ ನಂಬೋಕಾಗಲ್ಲ. ಅದಕ್ಕೆ ಲೂಪ್ ಸಾಕು. ತೋರಿಸೋ ಮೊದಲು ಹಳೇ ಹಲ್ಲುಜ್ಜೋ ಬ್ರಷ್ ಒಣದಾಗೇ ಸವರಿ ಅರಿಶಿನ, ಕ್ರೀಮು ತೆಗೀರಿ. ಜಿಡ್ಡು ಕೂತಿದ್ರೆ ಒಳಗಿನದ್ದು ಏನೂ ಕಾಣಲ್ಲ.